ರಾತ್ರಿ ಮಲಗದ ಎರಡು ಸರ್ವರ್‌ಗಳು

ಪರೀಕ್ಷೆಗೆಂದು ಅಮೆಜಾನ್ ಕ್ಲೌಡ್‌ನಲ್ಲಿ ಬಾಡಿಗೆಗೆ ಹಿಡಿದ ಇಸಿ2 ಸರ್ವರ್‌ಗಳು ಇರುಳಿಡೀ ಸುಮ್ಮನೆ ಓಡಿ ಬಿಲ್ಲು ಏರಿಸುವುದು ಬೇಡವೆಂದು, ಅವನ್ನು ರಾತ್ರಿ 8ಕ್ಕೆ ನಿಲ್ಲಿಸುವ ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೆ. ಬಳಸಿದ್ದು, ಪೈಥಾನ್‌ನಿಂದ ಅಮೆಜಾನ್ ಕ್ಲೌಡ್‌ಗೆ ಆದೇಶ ಕೊಡುವ ಬೋಟೊ3 ಲೈಬ್ರರಿ. ತಿಂಗಳುಗಟ್ಟಲೆ ತಕರಾರಿಲ್ಲದೆ ನಡೆಯಿತು. ಹೋದ ವಾರ ಬೆಳಿಗ್ಗೆ ನೋಡಿದರೆ, ಹೊಸದಾಗಿ ಸೇರಿಸಿದ ಮೂರರಲ್ಲಿ ಒಂದು ಮಾತ್ರ ನಿಂತಿತ್ತು. ಉಳಿದೆರಡು ಎಚ್ಚರವಾಗಿಯೇ ಇದ್ದವು. ದೋಷದ ಸಂದೇಶ ಒಂದೂ ಇಲ್ಲ.

ಮೊದಲು ಅನುಮತಿಯ ಮೇಲೆ ಅನುಮಾನ, ಆಮೇಲೆ ಸರ್ವರ್‌ಗಳನ್ನು ಗುರುತಿಸುವ ಟ್ಯಾಗ್‌ಗಳ ಮೇಲೆ. ಅರ್ಧ ದಿನ ಅಲ್ಲೇ ಕಳೆಯಿತು. ಕೊನೆಗೆ, ಅಮೆಜಾನ್‌ನಿಂದ ಬಂದ ಉತ್ತರವನ್ನೇ ಇಡಿಯಾಗಿ ಪ್ರಿಂಟ್ ಮಾಡಿಸಿ ಓದಿದೆ. ಸರ್ವರ್‌ಗಳ ವಿವರ ಕೇಳುವ ಡಿಸ್ಕ್ರೈಬ್ ಇನ್‌ಸ್ಟೆನ್ಸಸ್ ಕರೆ ನೇರವಾಗಿ ಸರ್ವರ್‌ಗಳ ಪಟ್ಟಿ ಕೊಡುವುದಿಲ್ಲ. ‘ರಿಸರ್ವೇಶನ್ಸ್’ ಎಂಬ ಪಟ್ಟಿ ಕೊಡುತ್ತದೆ, ಅದರ ಹೊಟ್ಟೆಯಲ್ಲಿ ಸರ್ವರ್‌ಗಳ ಇನ್ನೊಂದು ಪಟ್ಟಿ. ಒಂದೇ ಕೋರಿಕೆಯಲ್ಲಿ ಹುಟ್ಟಿದವೆಲ್ಲ ಒಂದೇ ರಿಸರ್ವೇಶನ್‌ನಲ್ಲಿರುತ್ತವೆ, ಒಂದೇ ಹೆರಿಗೆಯ ತ್ರಿವಳಿಗಳಂತೆ. ನಾನೋ, ಪ್ರತಿ ಒಳಪಟ್ಟಿಯಿಂದ [0] ಎಂದು ಮೊದಲನೆಯದನ್ನಷ್ಟೇ ಎತ್ತಿಕೊಂಡಿದ್ದೆ! ಹಳೆಯವನ್ನು ಒಂದೊಂದಾಗಿ ಶುರುಮಾಡಿದ್ದರಿಂದ ತಪ್ಪು ಅಷ್ಟು ದಿನ ಅಡಗಿ ಕುಳಿತಿತ್ತು.

[0] ಕಿತ್ತು ಅಲ್ಲಿ, ಒಳಪಟ್ಟಿಯ ಪ್ರತಿಯೊಂದನ್ನೂ ಮುಟ್ಟುವ ಇನ್ನೊಂದು ಫಾರ್ ಲೂಪ್ ಹಾಕಿದೆ. ಹೇಗೂ ಕೈ ಹಾಕಿದ್ದೇನೆಂದು ಪೇಜಿನೇಟರ್ ಅನ್ನೂ ಸೇರಿಸಿದೆ: ಸರ್ವರ್‌ಗಳು ಹೆಚ್ಚಾದಾಗ ಉತ್ತರ ಪುಟಪುಟವಾಗಿ ಬರಬಹುದು, ನೆಕ್ಸ್ಟ್‌ಟೋಕನ್ ಹಿಡಿದು ಮುಂದಿನದನ್ನು ಕೇಳದಿದ್ದರೆ ಉಳಿದವು ಕಾಣುವುದೇ ಇಲ್ಲ. ನಿಜವಾಗಿ ನಿಲ್ಲಿಸುವ ಮುನ್ನ ಏನನ್ನೂ ನಿಲ್ಲಿಸದೆ ಅನುಮತಿಯನ್ನಷ್ಟೇ ಪರೀಕ್ಷಿಸುವ ಡ್ರೈರನ್ ಆಯ್ಕೆ ಕೊಟ್ಟು ನೋಡಿದೆ. ‘ಡ್ರೈರನ್‌ಆಪರೇಶನ್’ ಎಂಬ ದೋಷ ಬಂತು. ಹೆದರಬೇಕಿಲ್ಲ, ಅನುಮತಿ ಇದೆ ಎಂಬುದಕ್ಕೆ ಅದೇ ಗುರುತು. ವಿಚಿತ್ರ ಪದ್ಧತಿ, ಆದರೆ ಉಪಯೋಗಕ್ಕೆ ಬರುತ್ತದೆ.

ಆ ರಾತ್ರಿ ಮೂರೂ ನಿಂತವು. ಅವಕ್ಕೆ ಜೋಡಿಸಿದ ಇಬಿಎಸ್ ಡಿಸ್ಕಿನ ಬಾಡಿಗೆ ಮಾತ್ರ, ಸರ್ವರ್ ನಿಂತರೂ ಓಡುತ್ತಲೇ ಇರುತ್ತದೆ.