ಟಾರ್ಗೆಟ್ ತಪ್ಪಿದಾಗ ಲೈನ್ ನಡೆಸುವುದು ಹೇಗೆ?

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಟೈಲರ್ ಆಗಿ ಸೇರಿ, ಕೈಚಳಕದಿಂದಲೇ ಸೂಪರ್‌ವೈಸರ್ ಆದವರು ತುಂಬಾ ಜನ. ಅವರಿಗೆ ಹೊಲಿಗೆ ಗೊತ್ತು, ಮೆಷಿನ್ ಗೊತ್ತು. ಆದರೆ ನಿನ್ನೆವರೆಗೆ ಪಕ್ಕದಲ್ಲಿ ಕೂತಿದ್ದವರಿಂದ ಕೆಲಸ ಮಾಡಿಸುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಮೇಲಿನವರು ಇವರ ಮೇಲೆ ಕೂಗುತ್ತಾರೆ, ಇವರು ಲೈನ್ ಮೇಲೆ, ಅಂದರೆ ಒಂದೊಂದು ಭಾಗ ಹೊಲಿದು ಮುಂದಕ್ಕೆ ದಾಟಿಸುವ ಟೈಲರ್‌ಗಳ ಸಾಲಿನ ಮೇಲೆ, ಕೂಗುತ್ತಾರೆ. ಕೂಗಾಟದಿಂದ ಒಂದು ಪೀಸೂ ಜಾಸ್ತಿ ಆಗುವುದಿಲ್ಲ.

ಮೊದಲು ಲೆಕ್ಕ, ಆಮೇಲೆ ಮಾತು

ಗಂಟೆಗೆ 100 ಶರ್ಟ್ ಟಾರ್ಗೆಟ್ ಅಂದುಕೊಳ್ಳಿ. ಗಂಟೆಗೆ 3,600 ಸೆಕೆಂಡ್. ಅಂದರೆ 36 ಸೆಕೆಂಡಿಗೆ ಒಂದು ಶರ್ಟ್ ಲೈನಿನ ಕೊನೆಗೆ ಬರಬೇಕು. ಕಾಲರ್ ಕೂರಿಸಲು ಒಬ್ಬರೇ ಇದ್ದು, ಪೀಸಿಗೆ 45 ಸೆಕೆಂಡ್ ಹಿಡಿದರೆ ಅಲ್ಲಿಂದ ಗಂಟೆಗೆ ಬರುವುದು 80 ಮಾತ್ರ. ಉಳಿದವರು ಎಷ್ಟೇ ಬೇಗ ಕೈ ಆಡಿಸಿದರೂ 81ನೆಯದು ಬರುವುದಿಲ್ಲ. ಹಾಗಿರುವಾಗ ಇಡೀ ಲೈನಿಗೆ ಬೈದು ಏನು ಸಿಗುತ್ತದೆ?

ಪೀಸ್ ಲೆಕ್ಕ ಟಾರ್ಗೆಟ್‌ಗಿಂತ ಕೆಳಗಿಳಿದ ಕೂಡಲೇ ಲೈನಿನ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ಯಾರ ಮೆಷಿನ್ ಹತ್ತಿರ ಬಂಡಲ್ ರಾಶಿ ಬಿದ್ದಿದೆ? ಅವರ ನಂತರದವರು ಕೆಲಸವಿಲ್ಲದೆ ಕಾಯುತ್ತಿದ್ದಾರಾ? ತೊಡಕು ಅಲ್ಲೇ ಇದೆ. ವಾಚ್ ಹಿಡಿದು ಐದಾರು ಪೀಸ್ ನೋಡಿ. ಸೂಜಿ ಮೊಂಡಾಗಿದೆಯಾ, ದಾರ ಪದೇ ಪದೇ ಕಡಿಯುತ್ತಿದೆಯಾ, ಕಟಿಂಗ್‌ನಿಂದಲೇ ಅಳತೆ ತಪ್ಪಿ ಬಂದಿದೆಯಾ ಅಂತ ಪರೀಕ್ಷಿಸಿ. ಎಲ್ಲವೂ ಸರಿಯಿದ್ದರೆ ಆ ಕೆಲಸಕ್ಕೆ ಒಬ್ಬರು ಸಾಲುತ್ತಿಲ್ಲ ಅಂತಲೇ ಅರ್ಥ. ಕೆಲಸ ಹಗುರ ಇರುವ ಕಡೆಯಿಂದ ಇನ್ನೊಬ್ಬರನ್ನು ಕರೆತಂದು ಕೂರಿಸಿ, ಯಾಕೆ ಅಂತ ಇಬ್ಬರಿಗೂ ಹೇಳಿ. ಹೇಳದೆ ಮಾಡಿದರೆ ಬಂದವರಿಗೆ ಶಿಕ್ಷೆ ಅನಿಸುತ್ತದೆ, ಮೊದಲೇ ಇದ್ದವರಿಗೆ ಅವಮಾನ ಅನಿಸುತ್ತದೆ.

ತಪ್ಪು ತೋರಿಸುವಾಗ

ಲೈನಿನ ತುದಿಯಲ್ಲಿ ನಿಂತು ಕೂಗಬೇಡಿ. ಮೆಷಿನ್ ಹತ್ತಿರ ಹೋಗಿ, ಕೆಟ್ಟ ಪೀಸನ್ನು ಕೈಯಲ್ಲಿ ಹಿಡಿದು ಮಾತಾಡಿ. "ಅಕ್ಕಾ, ಈ ಮೂರು ಪೀಸಲ್ಲೂ ಕಾಲರ್ ತುದೀಲಿ ಹೊಲಿಗೆ ಬಿಟ್ಟಿದೆ. ಬಟ್ಟೆ ಜಾರ್ತಿದೆಯಾ, ಮೆಷಿನ್ ತೊಂದ್ರೆ ಏನಾದ್ರೂ ಇದೆಯಾ?" ಅಂತ ಕೇಳಿ. "ಎಷ್ಟು ಸಲ ಹೇಳೋದು ನಿಮಗೆ?" ಅಂದರೆ ಅವರು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ಕಾರಣ ನಿಮಗೆ ಗೊತ್ತಾಗುವುದೇ ಇಲ್ಲ.

ಪೀಸನ್ನು ಮುಖಕ್ಕೆ ಎಸೆಯುವುದು, ಕೆಟ್ಟ ಮಾತಾಡುವುದು, ಟಾಯ್ಲೆಟ್‌ಗೆ ಹೋಗಿ ಬಂದದ್ದಕ್ಕೆ ಲೆಕ್ಕ ಕೇಳುವುದು. ಶಿಪ್‌ಮೆಂಟ್ ನಾಳೆಯೇ ಇರಲಿ, ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಯಾರಾದರೂ ಲೈಂಗಿಕ ಕಿರುಕುಳದ ದೂರು ಹೇಳಿಕೊಂಡರೆ ನೀವೇ ರಾಜಿ ಮಾಡಿಸಲು ಹೋಗಬೇಡಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು ಅಂತ 2013ರ ಕಾನೂನೇ ಹೇಳುತ್ತದೆ. ಅಲ್ಲಿಗೆ ಹೋಗಲು ಜೊತೆಯಾಗಿ.

ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರಿಗೆ ಕನ್ನಡ ಇನ್ನೂ ಬಂದಿರುವುದಿಲ್ಲ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಹ್ಞೂಂ ಅನ್ನುತ್ತಾರೆ. ಅದರ ಬದಲು ಒಂದು ಪೀಸ್ ಮಾಡಿ ತೋರಿಸಲು ಹೇಳಿ. ಸರಿಯಾದದ್ದು ಒಂದು, ತಪ್ಪಿದ್ದು ಒಂದು ಸ್ಯಾಂಪಲ್ ಕಣ್ಣಿಗೆ ಕಾಣುವಂತೆ ನೇತುಹಾಕಿ.

ಮೇಲಕ್ಕೂ ನಿಜ ಹೇಳಿ

ಬೆಳಗ್ಗೆ 11ಕ್ಕೆ ಕಂಡ ತೊಂದರೆಯನ್ನು ಸಂಜೆ 4ಕ್ಕೆ ಹೇಳಬೇಡಿ. "ಸಾರ್, ಆಗ್ತಿಲ್ಲ" ಅಂದರೆ ಬೈಗುಳ ಗ್ಯಾರಂಟಿ. "ಸಾರ್, ಕಾಲರ್‌ಗೆ 45 ಸೆಕೆಂಡ್ ಹಿಡೀತಿದೆ. ಇನ್ನೊಬ್ರನ್ನ ಕೊಟ್ರೆ ಊಟ ಆದ್ಮೇಲೆ 100 ಬರುತ್ತೆ, ಇಲ್ಲಾಂದ್ರೆ 80ಕ್ಕೇ ನಿಲ್ಲುತ್ತೆ" ಅನ್ನಿ. ಆಗ ಅವರೂ ಒಂದು ತೀರ್ಮಾನಕ್ಕೆ ಬರಬಹುದು.

ಓಟಿ (ಓವರ್‌ಟೈಮ್, ಹೆಚ್ಚುವರಿ ಹೊತ್ತಿನ ಕೆಲಸ) ಇದ್ದರೆ ಊಟದ ಬೆಲ್‌ಗೆ ಮುಂಚೆಯೇ ಹೇಳಿಬಿಡಿ. ಮಗುವನ್ನು ಕರೆತರಲು ಯಾರಿಗಾದರೂ ಫೋನ್ ಮಾಡಬೇಕು, ಬಸ್ ನೋಡಿಕೊಳ್ಳಬೇಕು, ಅಲ್ವಾ? ಓಟಿಗೆ ದುಪ್ಪಟ್ಟು ಕೂಲಿ ಅವರ ಹಕ್ಕು. ಆಗಲ್ಲ ಅಂದವರ ಮೇಲೆ ಮರುದಿನ ಸಿಟ್ಟು ತೀರಿಸಿಕೊಳ್ಳಬೇಡಿ.

ಗಾಳಿಸುದ್ದಿಗೆ ಮುಂಚೆ

2016ರಲ್ಲಿ ಕೇಂದ್ರ ಸರ್ಕಾರ ಪಿಎಫ್ (ಭವಿಷ್ಯ ನಿಧಿ) ನಿಯಮ ಬದಲಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದರು. 19ರಂದೇ ಸರ್ಕಾರ ಆದೇಶ ವಾಪಸ್ ಪಡೆಯಿತು. ಅವರ ಸಿಟ್ಟು ನ್ಯಾಯವಾದದ್ದೇ. ಮಕ್ಕಳ ಫೀಸು, ಮದುವೆ, ಆಸ್ಪತ್ರೆ ಎಲ್ಲಕ್ಕೂ ನೆಚ್ಚಿಕೊಂಡಿರುವುದು ಅದೇ ದುಡ್ಡನ್ನು.

ಇಂಥ ವಿಷಯ ಗಾಳಿಸುದ್ದಿಯಾಗಿ ಅವರ ಕಿವಿಗೆ ಬೀಳಬಾರದು. ಆದ್ದರಿಂದ ಸಂಬಳ, ಪಿಎಫ್, ರಜೆಯ ವಿಷಯ ಏನೇ ಬದಲಾದರೂ ಎಚ್‌ಆರ್‌ನಿಂದ ಆದೇಶದ ಪ್ರತಿ ಪಡೆದು, ಬೆಳಗ್ಗೆ ಮೆಷಿನ್ ಶುರುವಾಗುವ ಮುಂಚೆ ಎಲ್ಲರ ಮುಂದೆ ಓದಿ. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಊಹಿಸಿ ಹೇಳಬೇಡಿ. "ನಂಗೊತ್ತಿಲ್ಲ, ಕೇಳಿಕೊಂಡು ನಾಳೆ ಹೇಳ್ತೀನಿ" ಅನ್ನಿ. ಮರುದಿನ ಅವರಾಗಿ ಕೇಳುವ ಮುಂಚೆ ನೀವೇ ಹೋಗಿ ಹೇಳಿ, ಉತ್ತರ ಅವರಿಗೆ ಹಿಡಿಸದಂಥದ್ದೇ ಆಗಿದ್ದರೂ.