ದ್ರಾಕ್ಷಿ ಪಡದ ನಡುಸಾಲಿಗೆ ಸೆಣಬು: ಅಕ್ಟೋಬರ್ ಚಾಟ್ನಿಯಿಂದ ಹಿಂದಕ್ಕೆ ಎಣಿಸಿ

ವಿಜಯಪುರ, ತಿಕೋಟಾ ಕಡೆಯ ಎರಿ (ಕಪ್ಪು) ಭೂಮಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಇಷ್ಟೇ ನೀರಿನಲ್ಲಿ ಪಡದ (ದ್ರಾಕ್ಷಿ ತೋಟದ) ಬಳ್ಳಿಯೂ ಬದುಕಬೇಕು, ಹಸಿರೆಲೆ ಗೊಬ್ಬರಕ್ಕೆಂದು ಹಾಕುವ ಸೆಣಬೂ ಬೆಳೆಯಬೇಕು. ಅದಕ್ಕೇ ನಾವು ಯಾವಾಗ ಬಿತ್ತಬೇಕು ಎಂದು ಮೊದಲು ಕೇಳಿಕೊಳ್ಳುವುದಿಲ್ಲ. ಮಣ್ಣಿಗೆ ಸೇರಿಸುವ ದಿನವನ್ನು ಮೊದಲು ಗೊತ್ತುಮಾಡುತ್ತೇವೆ.

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, 10ನೇ ತಾರೀಖಿನ ಆಸುಪಾಸು ಎಂದಿಟ್ಟುಕೊಳ್ಳಿ. ಸೊಪ್ಪು ಕೊಳೆತು ಮಣ್ಣಾಗಲು ಎಂಟು ವಾರ ಬೇಕು. ಅಂದರೆ ಆಗಸ್ಟ್ 10ರ ಸುಮಾರಿಗೆ, ಆಶ್ಲೇಷ ಮಳೆಯಲ್ಲಿ, ಬೆಳೆ ಮಣ್ಣು ಸೇರಿರಬೇಕು. ಸೆಣಬಿಗೆ 45 ದಿನ ಕೊಟ್ಟರೆ ಬಿತ್ತನೆ ಜೂನ್ ಕೊನೆಯ ವಾರಕ್ಕೆ, ಆರಿದ್ರ ಮಳೆಗೆ ಬರುತ್ತದೆ. ಈ ಲೆಕ್ಕಕ್ಕೆ ಇನ್ನೊಂದು ಅನುಕೂಲವಿದೆ. ಏಪ್ರಿಲ್ ಚಾಟ್ನಿಯಾದ 40ರಿಂದ 70ನೇ ದಿನದೊಳಗೆ ಕಡ್ಡಿಯ ಕಣ್ಣುಗಳಲ್ಲಿ (ಚಿಗುರೊಡೆಯುವ ಮೊಗ್ಗುಗಳಲ್ಲಿ) ಗೊನೆಯ ಮೊಳಕೆ ಕಟ್ಟುತ್ತದೆ. ಆಗ ಸಾರಜನಕ ಹೆಚ್ಚಾದರೆ ಬಳ್ಳಿ ಎಲೆಗೆ ಓಡುತ್ತದೆ, ಕಣ್ಣು ಬಂಜೆಯಾಗುತ್ತದೆ. ಆಗಸ್ಟಿನಲ್ಲಿ ಸೇರಿಸಿದ ಸೊಪ್ಪು ಆ ಹಂತವನ್ನು ಮುಟ್ಟುವುದೇ ಇಲ್ಲ. ಪುನರ್ವಸು ಮಳೆ ಮುಗಿಯುವವರೆಗೂ ಬಿತ್ತಲಾಗದಿದ್ದರೆ ಆ ವರ್ಷ ಬಿಟ್ಟುಬಿಡಿ. ತಡವಾದ ಸೆಣಬು ಸೆಪ್ಟೆಂಬರಿನ ಮಳೆಯಲ್ಲಿ ಚಪ್ಪರದಡಿ ಗಾಳಿ ಕಟ್ಟಿಹಾಕಿ ದವನಿ (ಡೌನಿ ಮಿಲ್ಡ್ಯೂ) ರೋಗಕ್ಕೆ ಜಾಗ ಮಾಡಿಕೊಡುತ್ತದೆ.

ಸಾಲಿನಿಂದ ಸಾಲಿಗೆ 9 ಅಡಿ ಇರುವ ಪಡದಲ್ಲಿ ಬಳ್ಳಿಯ ಎರಡೂ ಬದಿ ಎರಡೆರಡು ಅಡಿ ಬಿಟ್ಟು, ನಡುವಿನ 5 ಅಡಿ ಪಟ್ಟಿಯಲ್ಲಷ್ಟೇ ಬಿತ್ತುತ್ತೇವೆ. ಎಕರೆಗೆ 12 ಕೆ.ಜಿ. ಬೀಜ ಸಾಕು. ದಟ್ಟವಾಗಿ ಬಿತ್ತಿದಷ್ಟೂ ಕಾಂಡ ತೆಳುವಾಗಿ, ಬೇಗ ಕೊಳೆಯುತ್ತದೆ. ಬೀಜಕ್ಕೆ 200 ಗ್ರಾಂ ರೈಜೋಬಿಯಂ (ಸಾರಜನಕ ಹಿಡಿದುಕೊಡುವ ಜೀವಾಣು) ಪಾಕೀಟನ್ನು ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಿ. ಪಟ್ಟಿಗೆ ಎಕರೆಗೆ ಒಂದು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್ ಬೇಕೇ ಬೇಕು, ರಂಜಕವಿಲ್ಲದೆ ಸಾರಜನಕ ಹಿಡಿಯುವ ಬೇರುಗಂಟು ಕಟ್ಟುವುದಿಲ್ಲ. ರಾಕ್ ಫಾಸ್ಫೇಟ್ ಅಗ್ಗವೆಂದು ತರಬೇಡಿ. ಅದು ಹುಳಿ ಮಣ್ಣಿನಲ್ಲಿ ಕರಗುತ್ತದೆ, ನಮ್ಮ ಸುಣ್ಣದ ಎರಿಯಲ್ಲಿ ಹಾಗೇ ಉಳಿಯುತ್ತದೆ.

ಬೆಳೆಯ ಆಯ್ಕೆಗೆ ಮಣ್ಣೇ ಆಧಾರ. ಬೇರಿನಲ್ಲಿ ರೋಗದ ಗಂಟು ಮಾಡುವ ಜಂತುಹುಳು ಇರುವ ಪಡಕ್ಕೆ ಅಲಸಂದಿ ಬೇಡ, ಅದು ಆ ಹುಳುವನ್ನು ಸಾಕುತ್ತದೆ. ಸೆಣಬು ಅದನ್ನು ತಗ್ಗಿಸುತ್ತದೆ. ಬೋರಿನ ಸವುಳು ನೀರಿನಿಂದ ಮೇಲೆ ಬಿಳಿ ಉಪ್ಪು ಕಾಣುವ ತುಂಡಿಗೆ ಇನ್ನೊಂದು ಹಸಿರೆಲೆ ಬೆಳೆಯಾದ ಡಯಾಂಚ ಹಾಕಿ. ಪೂರ್ತಿ ಹಬ್ಬಿದ ಚಪ್ಪರದಡಿ ನೆರಳಿಗೆ ಸೆಣಬು ಕಡ್ಡಿಯಂತೆ ಸೊರಗಿ ಮೇಲೇಳುತ್ತದೆ, ತೂಕ ಬರುವುದಿಲ್ಲ. ಇಂಗ್ಲಿಷಿನ Y ಆಕಾರದ ವೈ ಹಂದರದಲ್ಲಿ ನಡುಸಾಲಿಗೆ ಬಿಸಿಲು ಬೀಳುವುದರಿಂದ ಇದೇ ಬೀಜ ಚೆನ್ನಾಗಿ ತುಂಬುತ್ತದೆ.

ಮಳೆ ಕೈಕೊಟ್ಟ ವರ್ಷ 45 ದಿನಕ್ಕೆ ಕಾಯಬೇಡಿ. ಮಧ್ಯಾಹ್ನ ಸೆಣಬಿನ ಎಲೆ ಜೋತು ಸಂಜೆಯೂ ಏಳದಿದ್ದರೆ, 30 ದಿನವಾಗಿರಲಿ, ಕೊಯ್ದು ಬಳ್ಳಿಯ ಬುಡಕ್ಕೆ ಡ್ರಿಪ್ ಪೈಪಿನ ಮೇಲೆ ಹಾಸಿ. ಗೊಬ್ಬರ ಕಡಿಮೆಯಾಯಿತೆಂದು ಮರುಗಬೇಕಿಲ್ಲ, ಆ ಹಾಸು ಆವಿಯಾಗಿ ಹೋಗುವ ನೀರನ್ನು ಉಳಿಸುತ್ತದೆ. ನೀರು ತೀರಾ ಕಡಿಮೆ ಇದ್ದವರು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಬಿತ್ತಿ, ಮರುವರ್ಷ ಅದಲುಬದಲು ಮಾಡುವುದು ಒಳ್ಳೆಯದು.

ಮೊದಲ ಮೊಗ್ಗು ಕಾಣುವಾಗಲೇ ಕೊಯ್ಯಬೇಕು. ಕಾಯಿ ಕಟ್ಟಿದ ಮೇಲೆ ಕಾಂಡವೆಲ್ಲ ನಾರು. ಅದು ರೋಟಾವೇಟರ್ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಂಡು ಹತ್ತು ಮಾರಿಗೊಮ್ಮೆ ನಿಲ್ಲಿಸುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಮಣ್ಣೊಳಗೆ ಆಗುತ್ತದೆ: ನಾರನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಹಿಡಿದುಕೊಂಡು, ಅಕ್ಟೋಬರ್ ಚಾಟ್ನಿಯ ಹೊಸ ಚಿಗುರು ಹಳದಿಯಾಗಿ ಹೊರಡುತ್ತದೆ. ಬಲಿತುಹೋಗಿದ್ದರೆ ಮಣ್ಣಿಗೆ ಸೇರಿಸದೆ ಬುಡಕ್ಕೆ ಹಾಸಿ.

ಕೊಯ್ದು ಒಂದು ದಿನ ಬಾಡಿಸಿ, ಎಕರೆಗೆ 2 ಕೆ.ಜಿ. ಟ್ರೈಕೋಡರ್ಮಾವನ್ನು (ಸೊಪ್ಪು ಕೊಳೆಸುವ ಶಿಲೀಂಧ್ರ) 100 ಕೆ.ಜಿ. ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಎರಚಿ, ರೋಟಾವೇಟರ್ ಒಂದೇ ಸಲ, 4 ಇಂಚು ಆಳಕ್ಕೆ ಹೊಡೆಸಿ. ಇನ್ನೂ ಆಳಕ್ಕೆ ಹೋದರೆ ಬಳ್ಳಿಗೆ ಆಹಾರ ಹೀರುವ ಬೇರು ಕತ್ತರಿಸುತ್ತದೆ. ಮಣ್ಣು ಮುಷ್ಟಿಯಲ್ಲಿ ಉಂಡೆಯಾಗಿ, ಬೆರಳಿಗೆ ಅಂಟದೆ ಒಡೆಯುವಷ್ಟು ಹದವಿರಬೇಕು. ಹಸಿ ಎರಿಗೆ ಯಂತ್ರ ಇಳಿಸಿದರೆ ಹೆಂಟೆ ಇಟ್ಟಿಗೆಯಾಗುತ್ತದೆ, ಕೆಳಗೆ ಗಟ್ಟಿ ಪದರ ಕೂರುತ್ತದೆ. ಸೇರಿಸಿದ ಮೇಲೆ ನೀರು ನಿಂತರೆ ಕೊಳೆಯುವ ಸೊಪ್ಪಿನ ಅನಿಲವು ಸುಣ್ಣದೊಡನೆ ಸೇರಿ ಬೈಕಾರ್ಬೊನೇಟ್ ಹೆಚ್ಚಿಸುತ್ತದೆ. ಆಗ ಬಳ್ಳಿಗೆ ಕಬ್ಬಿಣ ಸಿಗದೆ ತುದಿಯೆಲೆ ಬಿಳಿಚಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇದಕ್ಕೆ ಮೊದಲು ಮಾಡಬೇಕಾದದ್ದು ನೀರು ಬಸಿದುಹೋಗಲು ದಾರಿ.

ಎಷ್ಟು ಸಿಕ್ಕಿತೆಂದು ತೂಗಿ ನೋಡಿ. ಒಂದು ಚದರ ಮೀಟರ್ ಚೌಕದಲ್ಲಿ ಒಂದೂವರೆಯಿಂದ 2 ಕೆ.ಜಿ. ಹಸಿ ಸೊಪ್ಪು ಬಂದರೆ, ನಡುಪಟ್ಟಿಯ ಲೆಕ್ಕದಲ್ಲಿ ಎಕರೆಗೆ ಮೂರೂಕಾಲರಿಂದ ನಾಲ್ಕೂವರೆ ಟನ್. ಅದರಲ್ಲಿ ಸಾರಜನಕ ಸುಮಾರು 15ರಿಂದ 20 ಕೆ.ಜಿ. ಅರ್ಧವನ್ನಷ್ಟೇ ಆ ಹಂಗಾಮಿನ ಲೆಕ್ಕಕ್ಕೆ ಹಿಡಿದು, ಆಗಸ್ಟ್, ಸೆಪ್ಟೆಂಬರಿನಲ್ಲಿ ಡ್ರಿಪ್ಪಿಗೆ ಬಿಡುವ ಯೂರಿಯಾವನ್ನು ಪೂರ್ತಿ ನಿಲ್ಲಿಸುತ್ತೇವೆ. ನಿಲ್ಲಿಸದಿದ್ದರೆ ಡಾಗ್ರಿಜ್ ಎಂಬ ಬೇರುಸಸಿಗೆ ಕಸಿ ಕಟ್ಟಿದ ಬಳ್ಳಿ ಚಿಗುರುತ್ತಲೇ ಇರುತ್ತದೆ, ಕಡ್ಡಿ ಮಾಗುವುದಿಲ್ಲ. ಪೊಟ್ಯಾಷ್ ಮಾತ್ರ ತಪ್ಪಿಸಬೇಡಿ.

ಎಳೆ ಸೊಪ್ಪು ಬೇಗ ಕರಗುವುದರಿಂದ ಮಣ್ಣುಪರೀಕ್ಷೆಯಲ್ಲಿ ಸಾವಯವ ಇಂಗಾಲ ಒಂದೆರಡು ವರ್ಷಕ್ಕೆ ಹೆಚ್ಚೇನೂ ಏರುವುದಿಲ್ಲ. ಮೊದಲು ಬದಲಾಗುವುದು ಮಳೆನೀರು ಇಂಗುವ ರೀತಿ. ಅದನ್ನು ಅಳೆಯಲು ತಳವಿಲ್ಲದ ಡಬ್ಬಿಯನ್ನು ಮಣ್ಣಿಗೆ ಒತ್ತಿ ಒಂದು ಲೀಟರ್ ನೀರು ಸುರಿದು ಗಡಿಯಾರ ನೋಡಿ. ಬಿತ್ತಿದ ಸಾಲಿನಲ್ಲೂ ಬಿತ್ತದ ಸಾಲಿನಲ್ಲೂ. ಇಂಗಾಲ ಏರಬೇಕಾದರೆ ಕೊಟ್ಟಿಗೆ ಗೊಬ್ಬರ ಬೇಕು, ಏಪ್ರಿಲ್ ಚಾಟ್ನಿಯ ಕಡ್ಡಿಯನ್ನು ಸುಡದೆ ಪುಡಿಮಾಡಿ ಅದೇ ಸಾಲಿಗೆ ಹಾಕಬೇಕು.