ಚರ್ಮದ ಪಾಠ ನಿಮ್ಮ ಅಂಗೈಯಿಂದಲೇ ಶುರುವಾಗಲಿ

ಕನ್ನಡ ಮಾಧ್ಯಮದಲ್ಲಿ ಓದಿ ಕಲಬುರಗಿಯಲ್ಲಿ ನರ್ಸಿಂಗ್, ಪ್ಯಾರಾಮೆಡಿಕಲ್ ಸೇರಿದವರನ್ನು ಮೊದಲ ತಿಂಗಳಲ್ಲೇ ಕಂಗೆಡಿಸುವುದು ಅನಾಟಮಿಯ, ಅಂದರೆ ದೇಹರಚನೆಯ ಪಾಠದ, ಪದಗಳು. ಅಂಗಾಂಶದ (ಒಂದೇ ಕೆಲಸ ಮಾಡುವ ಕೋಶಗಳ ಗುಂಪಿನ) ಪಾಠ ಒಂಬತ್ತನೇ ತರಗತಿಯಲ್ಲೇ ಆಗಿರುತ್ತದೆ, ಹೆಸರಷ್ಟೇ ಹೊಸದು. ಹಾಗಾಗಿ ಬಾಯಿಪಾಠಕ್ಕೆ ಕೂರುವ ಮುಂಚೆ ಈ ದಾರಿ ಹಿಡಿಯಿರಿ.

ಮೊದಲು ಹಳೆಯ ಹೆಸರಿಗೆ ಹೊಸದನ್ನು ಜೋಡಿಸಿ. ಅನುಲೇಪಕ ಎಂದರೆ ಎಪಿಥೀಲಿಯಲ್, ಸಂಯೋಜಕ ಎಂದರೆ ಕನೆಕ್ಟಿವ್, ಸ್ನಾಯು ಮಸ್ಕ್ಯುಲರ್, ನರ ನರ್ವಸ್. ಇಡೀ ದೇಹದಲ್ಲಿ ಇರುವುದು ಈ ನಾಲ್ಕೇ ಬಗೆಯ ಅಂಗಾಂಶ. ರಕ್ತ, ಮೂಳೆ, ಕೊಬ್ಬು ಮೂರೂ ಸಂಯೋಜಕದ ಗುಂಪಿನವು ಎಂಬುದನ್ನು ಮರೆಯಬೇಡಿ. ಚರ್ಮವೊಂದನ್ನು ಸರಿಯಾಗಿ ಕಲಿತರೆ ನಾಲ್ಕೂ ಸಿಗುತ್ತವೆ: ಮೇಲಿನ ಪದರು ಎಪಿಥೀಲಿಯಲ್, ಅದರ ಕೆಳಗಿನದು ಕನೆಕ್ಟಿವ್, ಚಳಿಗೆ ಮೈಕೂದಲು ನಿಮಿರಿಸುವ ಅರೆಕ್ಟರ್ ಪೈಲೈ ಪುಟ್ಟ ಸ್ನಾಯು, ಮುಟ್ಟಿದ್ದನ್ನು ತಿಳಿಸುವುದು ನರ.

ಆಮೇಲೆ ಚರ್ಮದ ಪದರುಗಳು, ಮೇಲಿನಿಂದ ಕೆಳಕ್ಕೆ: ಎಪಿಡರ್ಮಿಸ್, ಡರ್ಮಿಸ್, ಹೈಪೋಡರ್ಮಿಸ್. ತೊಗರಿ ಕೊಯ್ಲಿನಲ್ಲಿ ಕುಡಗೋಲು ಹಿಡಿದ ಅಂಗೈ ನೋಡಿ. ಉಜ್ಜಿ ಉಜ್ಜಿ ಬೊಬ್ಬೆ ಎದ್ದರೆ ಎಪಿಡರ್ಮಿಸ್‌ನೊಳಗೇ ಬಿರುಕು ಬಿಟ್ಟು ನೀರು ತುಂಬಿದೆ ಎಂದರ್ಥ. ಮೇಲಿನ ಸಿಪ್ಪೆ ಕಿತ್ತರೆ ರಕ್ತ ಬರುವುದಿಲ್ಲ, ಏಕೆಂದರೆ ಎಪಿಡರ್ಮಿಸ್‌ನಲ್ಲಿ ರಕ್ತನಾಳವೇ ಇಲ್ಲ. ಕುಡಗೋಲು ತಾಗಿ ರಕ್ತ ಒಸರಿದರೆ ಗಾಯ ಡರ್ಮಿಸ್ ಮುಟ್ಟಿದೆ. ವರ್ಷಾನುಗಟ್ಟಲೆ ದುಡಿದ ಕೈಯಲ್ಲಿ ಜಡ್ಡುಗಟ್ಟುವುದು ಎಪಿಡರ್ಮಿಸ್‌ನ ತೀರ ಮೇಲಿನ ಸ್ಟ್ರಾಟಮ್ ಕಾರ್ನಿಯಮ್ (ಸ್ಟ್ರಾಟಮ್ ಎಂದರೆ ಪದರು). ತೀರ ಕೆಳಗಿನ ಸ್ಟ್ರಾಟಮ್ ಬೇಸೇಲ್‌ನಲ್ಲಿ ಹುಟ್ಟಿದ ಕೋಶ ಹೆಚ್ಚುಕಡಿಮೆ ತಿಂಗಳಲ್ಲಿ ಮೇಲೆ ಬಂದು ಉದುರುತ್ತದೆ. ಸ್ಟ್ರಾಟಮ್ ಲೂಸಿಡಮ್ ಕಾಣುವುದು ಅಂಗೈ, ಅಂಗಾಲಿನ ದಪ್ಪ ಚರ್ಮದಲ್ಲಿ ಮಾತ್ರ.

ಮೂರನೆಯದಾಗಿ ಪದ ಬಿಡಿಸಿ. ಎಪಿ ಎಂದರೆ ಮೇಲೆ. ಹೈಪೋ, ಸಬ್ ಎಂದರೆ ಕೆಳಗೆ. ಇಂಟ್ರಾ ಎಂದರೆ ಒಳಗೆ. ಡರ್ಮ್, ಕ್ಯುಟಿಸ್ ಎರಡೂ ಚರ್ಮ. ಕೊನೆಗೆ ಐಟಿಸ್ ಬಂದರೆ ಉರಿಯೂತ. ಇಷ್ಟು ಗೊತ್ತಾದರೆ ಲಸಿಕೆ ಕೋಣೆಯೇ ಪಾಠಶಾಲೆ. ಕ್ಷಯದ ಲಸಿಕೆ ಬಿಸಿಜಿ ಇಂಟ್ರಾಡರ್ಮಲ್: ಸೂಜಿ ಚರ್ಮಕ್ಕೆ ಹೆಚ್ಚುಕಡಿಮೆ ಅಡ್ಡಲಾಗಿ ಹೋಗಿ, ಎಡತೋಳಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ದಡಾರ–ರುಬೆಲ್ಲಾ ಲಸಿಕೆ ಸಬ್‌ಕ್ಯುಟೇನಿಯಸ್, ಸೂಜಿ ಓರೆಯಾಗಿ ಚರ್ಮದಡಿಯ ಕೊಬ್ಬಿಗೆ. ಐದು ರೋಗಗಳಿಗೆ ಒಂದೇ ಲಸಿಕೆಯಾದ ಪೆಂಟಾವೇಲೆಂಟ್ ಇಂಟ್ರಾಮಸ್ಕ್ಯುಲರ್, ತೊಡೆಯ ಸ್ನಾಯುವಿಗೆ ನೆಟ್ಟಗೆ. ಅಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿದವರು ಈ ಮೂರು ಪದಗಳನ್ನು ಮರೆಯಲಾರರು.

ಕೊನೆಯದು ವಾರ್ಡಿನ ನೋಟ್‌ಬುಕ್. ಎಡಕ್ಕೆ ರೋಗಿ ಹೇಳಿದ ಪದ, ಬಲಕ್ಕೆ ಕೇಸ್ ಶೀಟಿನ ಪದ ಬರೆಯಿರಿ. ನಮ್ಮ ಬೇಸಿಗೆಯ ಬೆವರುಸಾಲೆ ಅಲ್ಲಿ ಮಿಲಿಯೇರಿಯಾ. ಬೆವರಿನ ನಾಳ ಕಟ್ಟಿಕೊಂಡು ಬರುವಂಥದ್ದು. ಬಿಳಿ ತೊನ್ನು ವಿಟಿಲಿಗೋ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶ ನಾಶವಾಗಿ ಆಗುವುದು, ಮುಟ್ಟಿದರೆ ಹರಡುವುದಿಲ್ಲ. ಇದನ್ನು ಮನೆಯವರಿಗೂ ಬಿಡಿಸಿ ಹೇಳಿ. ಎಷ್ಟೋ ಹೆಣ್ಣುಮಕ್ಕಳ ಮದುವೆ ಇದೊಂದೇ ಕಾರಣಕ್ಕೆ ನಿಲ್ಲುತ್ತಿದೆ. ಆದರೆ ಮಚ್ಚೆಯ ಜಾಗದಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ನರಕ್ಕೂ ಪೆಟ್ಟಾಗಿರಬಹುದು. ಅದು ಕುಷ್ಠದ ಲಕ್ಷಣವೂ ಹೌದು. ಕೂಡಲೇ ಡಾಕ್ಟರಿಗೆ ತೋರಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧ ಉಚಿತವಾಗಿ ಸಿಗುತ್ತದೆ.